ಹೃದಯಕ್ಕೂ ಕಾಲಿಗೂ ಒಮ್ಮೆಗೇ ಬೈಪಾಸ್: ಕಡಲು ದಾಟಿ ಬರುವ ರೋಗಿಗಳು ಅರಿಯಬೇಕಾದುದು

ಬೆಂಗಳೂರಿನ ದೊಡ್ಡ ಹೃದ್ರೋಗ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ ಅರ್ಧ ಗಂಟೆ ಕುಳಿತವರಿಗೆ ಕನ್ನಡದೊಂದಿಗೆ ಬಂಗಾಳಿ, ಅರಬ್ಬಿ, ಸ್ವಾಹಿಲಿ ಮಾತುಗಳೂ ಕಿವಿಗೆ ಬೀಳುವುದು ಈಗ ಸಾಮಾನ್ಯ ಸಂಗತಿ. 2003ರಲ್ಲಿ ಪಾಕಿಸ್ತಾನದ ಹಸುಳೆಯೊಂದು ಲಾಹೋರಿನಿಂದ ದೆಹಲಿಗೆ ಬಸ್ಸಿನಲ್ಲಿ ಬಂದು, ನಮ್ಮ ನಗರದ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ಪಡೆದು ಮರಳಿದ ಸುದ್ದಿಯನ್ನು ವಾಚಕರು ಮರೆತಿರಲಾರರು. ಹೀಗೆ ಹೊರನಾಡಿನಿಂದ ಬರುವವರಲ್ಲಿ ವಿದೇಶೀಯರು ಮಾತ್ರವಲ್ಲ, ಮಕ್ಕಳೊಡನೆ ಪರದೇಶದಲ್ಲಿ ನೆಲೆಸಿರುವ ನಮ್ಮ ಮನೆತನಗಳ ಹಿರಿಯರೂ ಇದ್ದಾರೆ. ಅಂತಹ ಹಿರಿಯರೊಬ್ಬರ ಅನುಭವವನ್ನು ಮುಂದಿಟ್ಟುಕೊಂಡು, ಹೃದಯ ಮತ್ತು ಕಾಲು ಎರಡರ ರಕ್ತನಾಳಗಳಿಗೂ ಒಂದೇ ವೇಳೆಯಲ್ಲಿ ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆಯ ವಿಚಾರವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಪರಿಚಯದ ಈ ಹಿರಿಯರು ಬಾಗಲಕೋಟೆಯ ಕಡೆಯವರು. ನಿವೃತ್ತಿಯ ನಂತರ ಮಸ್ಕತ್ತಿನಲ್ಲಿರುವ ಮಗನ ಮನೆಯಲ್ಲಿದ್ದರು. ಸಂಜೆಯ ಹೊತ್ತು ಸೊಸೆ, “ಮಾವಾರ, ಬರ್ರಿ, ಸಮುದ್ರದ ದಂಡಿಗೆ ಅಡ್ಡಾಡಿ ಬರೂಣು” ಎಂದು ಕರೆದರೆ, “ನೀವು ಹೋಗಿ ಬರ್ರವಾ, ನನಗ ವಯಸ್ಸಾತು” ಎಂದು ಕುರ್ಚಿಯಲ್ಲೇ ಉಳಿಯುತ್ತಿದ್ದರು. ನೂರು ಹೆಜ್ಜೆ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ನೋವು ಶಮನವಾಗುತ್ತಿತ್ತು. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ, ಅದಕ್ಕೂ ಹಳೆಯದಾದ ಬೀಡಿಯ ಚಟ. ಚಪ್ಪಲಿ ಕಚ್ಚಿ ಆದ ಬೆರಳಿನ ಗಾಯವು ಎರಡು ತಿಂಗಳಾದರೂ ಮಾಯದೆ ಕಪ್ಪಾಗತೊಡಗಿದಾಗ ಮಗ ವೈದ್ಯರಲ್ಲಿಗೆ ಕರೆದೊಯ್ದನು. ಪಾದದಲ್ಲಿ ನಾಡಿಯೇ ಸಿಗಲಿಲ್ಲ. ಬೆಂಗಳೂರಿಗೆ ಬಂದು ಪರೀಕ್ಷಿಸಿದಾಗ ತೊಡೆಯ ಅಪಧಮನಿ ಪೂರ್ತಿ ಮುಚ್ಚಿತ್ತು. ಆದರೆ ಮನೆಯವರನ್ನು ತಲ್ಲಣಗೊಳಿಸಿದ್ದು ಬೇರೆಯೇ ಸಂಗತಿ: ಹೃದಯದ ಎಡಭಾಗಕ್ಕೆ ರಕ್ತವೀಯುವ ಮುಖ್ಯ ನಾಳವೇ ಅಪಾಯಕರವಾಗಿ ಕಿರಿದಾಗಿತ್ತು. ಅವರಿಗೆ ಎದೆನೋವು ಒಮ್ಮೆಯೂ ಬಂದಿರಲಿಲ್ಲ.

ನೋವೇಕೆ ಬರಲಿಲ್ಲ?

ಇದರಲ್ಲಿ ವಿಸ್ಮಯವೇನೂ ಇಲ್ಲ. ನಾಳಗಳ ಒಳಗೋಡೆಯಲ್ಲಿ ಕೊಬ್ಬು, ಸುಣ್ಣ ಸಂಚಯವಾಗಿ ಗಡುಸಾಗುವ ವ್ಯಾಧಿಯು ದೇಹದ ಒಂದು ಅಂಗಕ್ಕೆ ಸೀಮಿತವಾದುದಲ್ಲ. ಕಾಲು ನಡೆಯಗೊಡದಿದ್ದಾಗ ಹೃದಯಕ್ಕೆ ಶ್ರಮವೇ ಬೀಳುವುದಿಲ್ಲ. ಶ್ರಮವಿಲ್ಲದಲ್ಲಿ ಎದೆನೋವೂ ಇಲ್ಲ. ಮಧುಮೇಹಿಗಳಲ್ಲಿ ನರಗಳು ಮಂದವಾಗಿ, ಹೃದಯಾಘಾತವೂ ಸದ್ದಿಲ್ಲದೆ ಸಂಭವಿಸಬಲ್ಲದು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಡಾ. ನಾರ್ಮನ್ ಹರ್ಟ್ಜರ್ ಅವರು, ರಕ್ತನಾಳಗಳ ಶಸ್ತ್ರಚಿಕಿತ್ಸೆಗೆಂದು ಬಂದಿದ್ದ 1000 ರೋಗಿಗಳ ಹೃದಯದ ನಾಳಗಳನ್ನೂ ಚಿತ್ರ ತೆಗೆದು ಪರೀಕ್ಷಿಸಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯದ ನಾಳಗಳು ಸಂಪೂರ್ಣ ನಿರ್ದೋಷವಾಗಿದ್ದವರು ಶೇಕಡಾ 8 ಮಾತ್ರ. ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ತೀವ್ರ ಹೃದ್ರೋಗವು ಶೇಕಡಾ 25ರಷ್ಟು ಮಂದಿಯಲ್ಲಿತ್ತು. ಕಾಲುನೋವೆಂದು ಬಂದವರ ಎದೆಯನ್ನೂ ಪರೀಕ್ಷಿಸಬೇಕೆಂಬ ವಿವೇಕವು ಇಂತಹ ಅಧ್ಯಯನಗಳಿಂದ ದೃಢವಾಯಿತು.

ಬೈಪಾಸ್ ಎಂದೊಡನೆ ನಮಗೆ ಹೃದಯವೇ ನೆನಪಾಗುವುದಾದರೂ, ಈ ವಿಧಾನ ಮೊದಲು ಫಲಿಸಿದ್ದು ಕಾಲಿನಲ್ಲಿ. 1948ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜ್ಯಾನ್ ಕುನ್ಲಿನ್ ಅವರು ರೋಗಿಯ ಕಾಲಿನ ಅಭಿಧಮನಿಯನ್ನೇ ಉಪಯೋಗಿಸಿ, ಮುಚ್ಚಿದ ನಾಳವನ್ನು ಬಳಸಿ ರಕ್ತ ಹರಿಯುವಂತೆ ಮಾಡಿದರು. ಅದೇ ಅಭಿಧಮನಿಯಿಂದ ಹೃದಯಕ್ಕೆ ಬೈಪಾಸ್ ಮಾಡುವ ಕ್ರಮವನ್ನು 1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ರೂಢಿಗೆ ತಂದವರು ಅರ್ಜೆಂಟೀನಾದ ಡಾ. ರೆನೆ ಫವಲೊರೊ. ಭಾರತದಲ್ಲಿ ಹೃದಯದ ಮೊದಲ ಬೈಪಾಸ್ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರಿಂದ ನೆರವೇರಿತು.

ಒಂದೋ, ಎರಡೋ?

ಹಿರಿಯರ ಮನೆಯವರ ಮುಂದೆ ಧರ್ಮಸಂಕಟವೊಂದು ನಿಂತಿತು. ಮೊದಲು ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ದುರ್ಬಲ ಹೃದಯ ಮೇಜಿನ ಮೇಲೆಯೇ ಕೈಕೊಡಬಹುದು. ಮೊದಲು ಹೃದಯಕ್ಕೆ ಮಾಡಿ ವಾರಗಟ್ಟಲೆ ಕಾದರೆ ಬೆರಳಿನ ಕೊಳೆತ ಪಾದಕ್ಕೇರಿ ಕಾಲನ್ನೇ ಕತ್ತರಿಸಬೇಕಾಗಬಹುದು. ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸುವ ಮಾರ್ಗ ಇಂತಹ ಸಂದರ್ಭಕ್ಕೇ ಮೀಸಲಾದುದು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಜೋಡಿ ಶಸ್ತ್ರಚಿಕಿತ್ಸೆ ಎಲ್ಲರಿಗೂ ತಕ್ಕುದಲ್ಲ. ಹೃದ್ರೋಗ ಸ್ಥಿರವಾಗಿರುವವರಲ್ಲಿ, ನಾಳದ ಶಸ್ತ್ರಚಿಕಿತ್ಸೆಗೆ ಮುನ್ನ ಹೃದಯದ ನಾಳಗಳನ್ನು ತೆರೆಯುವುದರಿಂದ ಆಯುಷ್ಯ ಹೆಚ್ಚಲಿಲ್ಲವೆಂದು 510 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನಡೆದಾಗ ಮಾತ್ರ ಕಾಲು ನೋಯುವವರಿಗೆ ಔಷಧ, ತಂಬಾಕಿನ ತ್ಯಾಗ, ಕ್ರಮವಾದ ನಡಿಗೆಯ ಅಭ್ಯಾಸಗಳೇ ಮೊದಲ ಚಿಕಿತ್ಸೆ. ಕೆಲವರಿಗೆ ಒಂದು ಕಡೆ ಬಲೂನ್ ಚಿಕಿತ್ಸೆ, ಇನ್ನೊಂದು ಕಡೆ ಬೈಪಾಸ್ ಸಾಕಾಗುತ್ತದೆ. ಹೃದಯವೂ ಕಾಯಲಾರದು, ಕಾಲೂ ಕಾಯಲಾರದು ಎನ್ನುವ ಸ್ಥಿತಿಯಲ್ಲಿ ಮಾತ್ರ ಎರಡನ್ನೂ ಜೋಡಿಸುವ ಯೋಚನೆ ಬರುತ್ತದೆ. ಅದರ ಅವಧಿಯೂ ಅಪಾಯವೂ ಒಂಟಿ ಶಸ್ತ್ರಚಿಕಿತ್ಸೆಗಿಂತ ಹೆಚ್ಚು.

ಶಸ್ತ್ರವೈದ್ಯರ ಲೆಕ್ಕಾಚಾರಗಳು ಬಹು ಸೂಕ್ಷ್ಮವಾದವು. ಉತ್ತಮ ಅಭಿಧಮನಿಯ ಉದ್ದ ಮಿತವಾದುದು. ಅದು ಎದೆಗೂ ಬೇಕು, ಕಾಲಿಗೂ ಬೇಕು. ಆದ್ದರಿಂದ ಎಲ್ಲಿಂದ ಎಷ್ಟು ತೆಗೆಯಬೇಕೆಂಬುದನ್ನು ಸ್ಕ್ಯಾನಿಂಗ್ ಮಾಡಿ ಮೊದಲೇ ನಿರ್ಧರಿಸುತ್ತಾರೆ. ಹೃದಯಕ್ಕೆ ಎದೆಗೋಡೆಯ ಒಳಗಿನ ಅಪಧಮನಿಯನ್ನು ಜೋಡಿಸುವುದು ವಾಡಿಕೆ. ಆದರೆ ಹೊಟ್ಟೆಯ ಮಹಾಪಧಮನಿಯೇ ಮುಚ್ಚಿದವರಲ್ಲಿ ಆ ಎದೆಯ ನಾಳವೇ ಅಡ್ಡದಾರಿಯಿಂದ ಕಾಲಿಗೆ ರಕ್ತ ಸಾಗಿಸುತ್ತಿರಬಹುದು. ಅರಿಯದೆ ಅದನ್ನು ಬೇರ್ಪಡಿಸಿದರೆ ಕಾಲಿಗೆ ಕುತ್ತು. ತೊಡೆಸಂದಿನ ನಾಳಗಳು ಮುಚ್ಚಿದ್ದರೆ ಆಂಜಿಯೋಗ್ರಾಂ ಅನ್ನು ಮಣಿಕಟ್ಟಿನ ಮೂಲಕ ಮಾಡಬೇಕಾಗುತ್ತದೆ. ಇಷ್ಟನ್ನೂ ತೂಗಿನೋಡಲು ಹೃದಯದ ಶಸ್ತ್ರವೈದ್ಯರು, ರಕ್ತನಾಳ ತಜ್ಞರು, ಅರಿವಳಿಕೆ ತಜ್ಞರು ಒಟ್ಟಿಗೆ ಕುಳಿತು ನಿರ್ಣಯಿಸುವ ಆಸ್ಪತ್ರೆಯನ್ನೇ ಆರಿಸಿಕೊಳ್ಳುವುದು ಶ್ರೇಯಸ್ಕರ.

ಪ್ರಯಾಣಕ್ಕೆ ಮುನ್ನ, ಪ್ರಯಾಣದ ನಂತರ

ಹೊರದೇಶದಿಂದ ಬರುವವರು ಆಂಜಿಯೋಗ್ರಾಂ ಮುದ್ರಿಕೆ, ಕಾಲಿನ ಡಾಪ್ಲರ್ ವರದಿ, ಮೂತ್ರಪಿಂಡದ ಪರೀಕ್ಷೆ, ನಿತ್ಯ ಸೇವಿಸುವ ಔಷಧಗಳ ಪಟ್ಟಿ, ಇವನ್ನು ಮುಂಚಿತವಾಗಿ ಕಳುಹಿಸಿ ವೈದ್ಯರ ಅಭಿಪ್ರಾಯ ಪಡೆಯತಕ್ಕದ್ದು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ವಿದೇಶೀ ಪ್ರಜೆಗಳಿಗೆ ಭಾರತ ಸರ್ಕಾರವು ವೈದ್ಯಕೀಯ ವೀಸಾ ನೀಡುತ್ತದೆ. ಜೊತೆಗೆ ಬರುವ ಇಬ್ಬರು ಬಂಧುಗಳಿಗೆ ಸಹಾಯಕರ ವೀಸಾ ಉಂಟು. ಖರ್ಚಿನ ಅಂದಾಜು ಕೇಳುವಾಗ ತೀವ್ರ ನಿಗಾ ಘಟಕದ ಹೆಚ್ಚುವರಿ ದಿನಗಳು, ಗಾಯದ ಸೋಂಕು ಮುಂತಾದ ತೊಡಕುಗಳಿಗೆ ಎಷ್ಟಾಗಬಹುದೆಂದೂ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು.

ಮರುಪ್ರಯಾಣಕ್ಕೆ ಆತುರ ಸಲ್ಲದು. ವಿಮಾನದೊಳಗಿನ ಗಾಳಿಯ ಒತ್ತಡವು 6000ರಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ತೊಡಕಿಲ್ಲದ ಹೃದಯ ಬೈಪಾಸಿನ ನಂತರ 10ರಿಂದ 14 ದಿನಗಳಾದರೂ ವಿಮಾನವೇರಬಾರದೆಂಬುದು ಬ್ರಿಟನ್ನಿನ ವಿಮಾನಯಾನ ವೈದ್ಯರ ಸಲಹೆ. ಕಾಲಿನ ಗಾಯವೂ ಸೇರಿದವರು ಇನ್ನೂ ಹೆಚ್ಚು ಕಾಲ ನಿಲ್ಲುವುದೇ ಲೇಸು. ಸೀಳಿದ ಎದೆಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಬೇಕಾಗುವುದರಿಂದ ಪೆಟ್ಟಿಗೆಗಳನ್ನು ಎತ್ತಲಾಗದು. ಗಾಲಿಕುರ್ಚಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ದೀರ್ಘ ಪ್ರಯಾಣದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಹೇಳಿದ ಉಪಾಯಗಳನ್ನು ಪಾಲಿಸಬೇಕು. ಊರಿಗೆ ಮರಳಿದ ಮೇಲೆ ನೋಡಿಕೊಳ್ಳುವ ವೈದ್ಯರು ಯಾರೆಂಬುದು ಹೊರಡುವ ಮುನ್ನವೇ ನಿಶ್ಚಯವಾಗಿರಲಿ.

ನಮ್ಮ ಹಿರಿಯರಿಗೆ ಎದೆಯ ನಾಳವನ್ನೂ ಆರೋಗ್ಯವಾಗಿದ್ದ ಕಾಲಿನ ಅಭಿಧಮನಿಯನ್ನೂ ಬಳಸಿ ಎರಡೂ ಬೈಪಾಸ್ ಒಂದೇ ದಿನ ನೆರವೇರಿದವು. ಒಂದು ಬೆರಳು ಹೋಯಿತು, ಪಾದ ಉಳಿಯಿತು. ಏಳು ವಾರಗಳ ಬಳಿಕ ಮಸ್ಕತ್ತಿಗೆ ಮರಳಿದರು. ಬೀಡಿ ಬಿಟ್ಟಿದ್ದಾರೆ, ಮಾತ್ರೆಗಳನ್ನು ಬಿಟ್ಟಿಲ್ಲ. ಈಗ ಸೊಸೆ ಕರೆಯುವ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಾರಂತೆ.

ವಾಚಕ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸುವ ಸುಲಭ ಪರೀಕ್ಷೆಯೊಂದಿದೆ. ಆ ಪ್ರಮಾಣ 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿನ ನಾಳ ಕಿರಿದಾಗಿದೆಯೆಂದು ಅರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳಗಳು ಗಡುಸಾಗಿ ಈ ಲೆಕ್ಕ ತಪ್ಪುವುದೂ ಉಂಟಾದ್ದರಿಂದ ವೈದ್ಯರೇ ನೋಡಿ ಹೇಳಬೇಕು. ನಿಮ್ಮ ಮನೆಯ ಹಿರಿಯರು ನಡಿಗೆ ಕಡಿಮೆ ಮಾಡಿದ್ದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗದಿರಿ. ಇಂದೇ ಅವರ ಬಳಿ ಕುಳಿತು, ಎಷ್ಟು ದೂರಕ್ಕೆ ಕಾಲು ನೋಯುವುದೆಂದು ಕೇಳಿ, ಪಾದಗಳನ್ನು ಒಮ್ಮೆ ಕೈಯಾರೆ ಮುಟ್ಟಿ ನೋಡಿರಿ.