ಗಡ್ಡೆಯ ಗುಣ ಹೇಳುವ ಚಿತ್ರ

ಕಲಬುರಗಿ, ಬೀದರ್, ರಾಯಚೂರು ಕಡೆಯ ಎಷ್ಟೋ ಮನೆಗಳಲ್ಲಿ ತಲೆಯೊಳಗಿನ ದೊಡ್ಡ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಹೈದರಾಬಾದ್. ನಿಜಾಮರ ಮೂಳೆ ಆಸ್ಪತ್ರೆಯಾಗಿ ಹುಟ್ಟಿ ಬೆಳೆದ, ಅಲ್ಲಿನ ಪಂಜಾಗುಟ್ಟದ ನಿಮ್ಸ್‌ಗೆ ಎಂಆರ್‌ಐ ಫಿಲಂನ ಲಕೋಟೆ ಹಿಡಿದು ಬರುವವರ ಪ್ರಶ್ನೆ ಒಂದೇ: 'ಡಾಕ್ಟ್ರೇ, ಗಡ್ಡಿ ಸಾದಾ ಅದ ಏನ್ರಿ, ಕ್ಯಾನ್ಸರ್ ಅದ ಏನ್ರಿ?'

ತಲೆಬುರುಡೆ ತೆರೆಯುವ ಮೊದಲೇ ಇದಕ್ಕೆ ಅರ್ಧ ಉತ್ತರ ಹೇಳುವ ವಿದ್ಯೆ ಈಗ ರೇಡಿಯಾಲಜಿಯ ಕೈಯಲ್ಲಿದೆ.

ವೇಗವಾಗಿ ಬೆಳೆಯುವ ಗಡ್ಡೆಗೆ ರಕ್ತದ ಹಸಿವು ಹೆಚ್ಚು. ಅದು ಅವಸರದಲ್ಲಿ ಕಟ್ಟಿಕೊಂಡ ನಾಳಗಳು ಸೋರುತ್ತವೆ. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ್ಯ ಚುಚ್ಚಿದಾಗ ಆ ಜಾಗ ಬಿಳಿಯಾಗಿ ಹೊಳೆಯುತ್ತದೆ. ನಡುವೆ ಸತ್ತ ಭಾಗ ಕಪ್ಪಾಗಿ ಉಳಿದು ಉಂಗುರ ಮೂಡುತ್ತದೆ. ಪರ್ಫ್ಯೂಷನ್ ಸ್ಕ್ಯಾನ್ ಎಲ್ಲಿ ರಕ್ತ ಹೆಚ್ಚು ತುಂಬಿದೆ ಎಂದು ಅಳೆಯುತ್ತದೆ. ಸ್ಪೆಕ್ಟ್ರೋಸ್ಕೋಪಿ ರಾಸಾಯನಿಕಗಳನ್ನೇ ಓದುತ್ತದೆ: ಕೋಶಗಳು ಹೊಸ ಪೊರೆ ಕಟ್ಟುವ ಗಡಿಬಿಡಿಯಲ್ಲಿದ್ದರೆ ಕೋಲೀನ್ ಏರುತ್ತದೆ, ನರಕೋಶ ನಶಿಸಿದಲ್ಲಿ ಅದರ ಗುರುತಾದ ಎನ್‌ಎಎ ಇಳಿಯುತ್ತದೆ.

ಈ ಚಿತ್ರಗಳ ದೊಡ್ಡ ಉಪಕಾರ ಬಯಾಪ್ಸಿಯ ಸೂಜಿಗೆ. ಒಂದೇ ಗಡ್ಡೆಯಲ್ಲಿ ಒಂದು ಮೂಲೆ ಶಾಂತ, ಇನ್ನೊಂದು ಉಗ್ರ. ಬಯಾಪ್ಸಿ ಸೂಜಿ ಶಾಂತ ಮೂಲೆಗೆ ಇಳಿದರೆ ವರದಿಯೂ ಶಾಂತವಾಗಿಯೇ ಬರುತ್ತದೆ. ರೋಗಿಗೆ ಬೇಕಾದ ಚಿಕಿತ್ಸೆ ತಪ್ಪುತ್ತದೆ. ಎಲ್ಲಿಗೆ ಇಳಿಸಬೇಕು ಎಂದು ಚಿತ್ರ ಬೆರಳು ತೋರುತ್ತದೆ. ಮಾತಿನ ಕೇಂದ್ರದ ಪಕ್ಕ ಎಷ್ಟು ತೆಗೆಯಬಹುದು ಎಂಬ ಲೆಕ್ಕಕ್ಕೂ ಇದೇ ಆಸರೆ.

ಆದರೆ ನಮ್ಮ ದೇಶದಲ್ಲಿ ಉಂಗುರ ಕಂಡ ಮಾತ್ರಕ್ಕೆ ಎದೆಗುಂದಬೇಕಿಲ್ಲ. ಮೆದುಳಿನ ಕ್ಷಯದ ಗಂಟೂ, ಲಾಡಿಹುಳುವಿನ ಮರಿಯೂ ಅಂಥದ್ದೇ ಉಂಗುರ ತೋರಿಸುತ್ತವೆ, ಮತ್ತು ಅವು ಹೆಚ್ಚಾಗಿ ಔಷಧಿಗೆ ಬಗ್ಗುತ್ತವೆ. ಹೊಳೆಯದ ಗಡ್ಡೆಗಳಲ್ಲೂ ಕೆಲವು ಕೆಟ್ಟವಿರುತ್ತವೆ.

ಕೊನೆಯ ಮಾತು ಇವತ್ತಿಗೂ ಅಂಗಾಂಶದ್ದೇ. ವಿಶ್ವ ಆರೋಗ್ಯ ಸಂಸ್ಥೆ ಮೆದುಳಿನ ಗಡ್ಡೆಗಳನ್ನು 1ರಿಂದ 4ರ ದರ್ಜೆಗಳಲ್ಲಿ ಅಳೆಯುತ್ತದೆ. 2021ರ ವರ್ಗೀಕರಣದಲ್ಲಿ ಐಡಿಎಚ್‌ನಂಥ ಜೀನ್ ಬದಲಾವಣೆಗಳಿಗೆ ಹಿರಿಯ ಸ್ಥಾನ. ನಿಮ್ಸ್‌ನ ಪೆಥಾಲಜಿ ವೈದ್ಯರು ಮತ್ತು ಹೈದರಾಬಾದಿನದೇ ಗಚ್ಚಿಬೌಲಿಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿಯವರು ಸೇರಿ 367 ರೋಗಿಗಳ ಗಡ್ಡೆಯ ಅಂಗಾಂಶದ 547 ಸ್ಲೈಡ್‌ಗಳನ್ನು ನಲವತ್ತು ಪಟ್ಟು ಹಿಗ್ಗಿಸಿ ಸ್ಕ್ಯಾನ್ ಮಾಡಿ, 'ಐಪಿಡಿ-ಬ್ರೇನ್' ಹೆಸರಿನಲ್ಲಿ ಸಂಶೋಧಕರಿಗೆ ಒದಗಿಸಿದ್ದಾರೆ. ಭಾರತೀಯರ ಗಡ್ಡೆಗಳ ಇಷ್ಟು ದೊಡ್ಡ ಸಂಗ್ರಹ ಅಪರೂಪ. ಗಡ್ಡೆ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಲು ಇದು ಬೇಕೇ ಬೇಕಿತ್ತು. ಗಾಜಿನ ಮೇಲಿನ ಈ ತೆಳು ತುಣುಕುಗಳು ಸ್ಕ್ಯಾನ್‌ನ ನೆರಳುಗಳ ಜೊತೆ ಕೂಡಿದಾಗ, ಲಕೋಟೆ ಹಿಡಿದು ಕಾದವರಿಗೆ ಉತ್ತರ ಇನ್ನಷ್ಟು ಬೇಗ ಸಿಗಬಹುದು.