ಉಬ್ಬಸರೋಗದಲ್ಲಿ ಉಪಶಮನವೂ ಯಾಪನವೂ

ಆಸ್ತಮಾ ಎಂದು ಈಗ ಎಲ್ಲರೂ ಕರೆಯುವ ರೋಗಕ್ಕೆ ಕನ್ನಡದಲ್ಲಿ ಉಬ್ಬಸ, ಗೂರಲು, ದಮ್ಮು ಎಂಬ ಹೆಸರುಗಳು ಬಹುಕಾಲದಿಂದ ರೂಢಿಯಲ್ಲಿವೆ. ಇವು ಮೂರೂ ರೋಗವು ಮೈಮೇಲೆ ಬಂದ ಹೊತ್ತಿನ ಅವಸ್ಥೆಯನ್ನು ಸೂಚಿಸುವುವು. ಆ ಅವಸ್ಥೆ ಇಳಿದ ಮೇಲೆಯೂ ಒಳಗೆ ಉಳಿದಿರತಕ್ಕ ವ್ಯಾಧಿಗೆ ಬಳಕೆಯ ಮಾತಿನಲ್ಲಿ ಬೇರೆ ಹೆಸರಿಲ್ಲ. ಎದೆಯ ಸದ್ದು ಅಡಗಿತೆಂದರೆ ರೋಗವೇ ಹೋಯಿತೆಂದು ಜನರು ಭಾವಿಸುವುದು ಆದುದರಿಂದ ಸಹಜ. ಈ ಭಾವನೆಯಿಂದ ಇಂದಿಗೂ ಪ್ರಾಣಹಾನಿಯಾಗುತ್ತಿದೆಯೆಂಬುದನ್ನೂ, ಬಹುಕಾಲದವರೆಗೆ ವೈದ್ಯರೂ ಇದೇ ಭಾವನೆಗೆ ಒಳಗಾಗಿದ್ದರೆಂಬುದನ್ನೂ ಇಲ್ಲಿ ನಿರೂಪಿಸಲು ಉದ್ದೇಶಿಸಿದೆ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಸ್ಪಷ್ಟವಾದ ವಿವೇಚನೆಯನ್ನು ತೋರಿಸಿದ್ದಾರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೭ನೆಯ ಅಧ್ಯಾಯದಲ್ಲಿ ಐದು ಬಗೆಯ ಶ್ವಾಸರೋಗಗಳನ್ನು ಹೇಳಿ, ಅವುಗಳಲ್ಲಿ ತಮಕಶ್ವಾಸವೆಂಬುದನ್ನು ವಿಸ್ತಾರವಾಗಿ ವರ್ಣಿಸಿದೆ. ರೋಗಿಯು ಮಲಗಿದರೆ ಬಾಧೆ ಹೆಚ್ಚುವುದು, ಎದ್ದು ಕುಳಿತರೆ ಸುಖವಾಗುವುದು, ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ರೋಗ ಉಲ್ಬಣಿಸುವುದು ಎಂಬ ಲಕ್ಷಣಗಳನ್ನು ಓದಿದ ಯಾವ ಉಬ್ಬಸಿಗನಾದರೂ ತನ್ನ ಕಥೆಯನ್ನೇ ಯಾರೋ ಬರೆದಿಟ್ಟಂತೆ ಭಾವಿಸುವನು. ರೋಗವು ಹೊಸದಾಗಿದ್ದರೆ ಸಾಧ್ಯವಾಗಬಹುದು, ಇಲ್ಲವಾದರೆ ಯಾಪ್ಯ ಎಂಬುದು ಅಲ್ಲಿಯ ನಿರ್ಣಯ. ಯಾಪ್ಯವೆಂದರೆ ನಿರ್ಮೂಲವಾಗದಿದ್ದರೂ ಔಷಧ ಪಥ್ಯಗಳು ನಡೆಯುವವರೆಗೆ ಹತೋಟಿಯಲ್ಲಿ ನಿಲ್ಲುವ ರೋಗ. ಬೀಳಲಿರುವ ಮನೆಯನ್ನು ಊರೆಗಂಬವು ಹಿಡಿದು ನಿಲ್ಲಿಸುವ ಹಾಗೆ ಯಾಪ್ಯರೋಗಿಯನ್ನು ಚಿಕಿತ್ಸೆ ಹಿಡಿದಿರುತ್ತದೆಂದು ಸುಶ್ರುತನು ಉಪಮಾನ ಕೊಟ್ಟಿದ್ದಾನೆ. ಅಂದಿನ ಔಷಧಗಳ ಗುಣಾಗುಣವು ಬೇರೆ ಪ್ರಶ್ನೆ. ಈ ವರ್ಗೀಕರಣವು ಮಾತ್ರ ಇಂದಿನ ಶಾಸ್ತ್ರಕ್ಕೂ ಚೆನ್ನಾಗಿ ಒಪ್ಪುತ್ತದೆ.

ಒಪ್ಪುವ ಬಗೆಯನ್ನು ತಿಳಿಯಬೇಕಾದರೆ ಶ್ವಾಸನಾಳಗಳಲ್ಲಿ ನಡೆಯುವುದನ್ನು ಕೊಂಚ ಅರಿಯಬೇಕು. ಉಬ್ಬಸಿಗನ ನಾಳಗಳಲ್ಲಿ ಎರಡು ವ್ಯಾಪಾರಗಳು ಕೂಡಿ ನಡೆಯುತ್ತವೆ. ನಾಳವನ್ನು ಸುತ್ತಿರುವ ಸ್ನಾಯು ಬಿಗಿಯುವುದು ಒಂದು. ನಾಳದ ಒಳಪೊರೆ ಉರಿಯೂತದಿಂದ ಬಾತು, ಲೋಳೆ ಸುರಿಸಿ, ಹೊಗೆ ಧೂಳು ಚಳಿಗಳಿಗೆ ಅತಿಯಾಗಿ ಕೆರಳುವುದು ಇನ್ನೊಂದು. ಬಿಗಿತವು ಬಂದು ಹೋಗುವಂಥದು. ಉರಿಯೂತವು ಸದ್ದಿಲ್ಲದ ದಿನಗಳಲ್ಲಿಯೂ ಉಳಿದಿರುವಂಥದು. ಆದುದರಿಂದ ಮದ್ದುಗಳೂ ಎರಡು ಬಗೆ. ಸಾಲ್ಬ್ಯುಟಮಾಲ್ ಮೊದಲಾದುವು ಸ್ನಾಯುವಿನ ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತವೆ, ಇವನ್ನು ಉಪಶಮನೌಷಧಗಳೆನ್ನೋಣ. ಬ್ಯುಡೆಸೊನೈಡ್, ಬೆಕ್ಲೊಮೆಥಸೋನ್ ಮೊದಲಾದ ಸ್ಟೀರಾಯ್ಡುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಉಸಿರಿನೊಡನೆ ಸೇದಿಕೊಂಡರೆ ಉರಿಯೂತವು ದಿನಗಳು, ವಾರಗಳು ಕಳೆದಂತೆ ತಗ್ಗುತ್ತದೆ, ಇವು ಯಾಪನೌಷಧಗಳು. ಮೊದಲನೆಯದನ್ನು ಸೇದಿದೊಡನೆ ಎದೆ ಹಗುರವಾಗುವುದು ರೋಗಿಯ ಅನುಭವಕ್ಕೆ ಬರುತ್ತದೆ. ಎರಡನೆಯದನ್ನು ಸೇದಿದಾಗ ಏನೂ ತಿಳಿಯುವುದಿಲ್ಲ. ಒಂದೆರಡು ದಿನ ಬಿಟ್ಟರೂ ಏನೂ ತಿಳಿಯುವುದಿಲ್ಲ. ಹೀಗಿರುವಲ್ಲಿ ಬುದ್ಧಿವಂತನಾದ ರೋಗಿಯು ತನ್ನ ಅನುಭವವನ್ನೇ ಪ್ರಮಾಣವಾಗಿಟ್ಟುಕೊಂಡು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟರೆ ಅವನನ್ನು ಮೂಢನೆನ್ನಲಾಗದು. ಅನುಭವವೇ ಇಲ್ಲಿ ದಾರಿತಪ್ಪಿಸುತ್ತದೆ. ಆಸ್ತಮಾದಲ್ಲಿ ಶಿಕ್ಷಣವು ಚಿಕಿತ್ಸೆಯ ಒಂದು ಅಂಗವೆನ್ನುವುದಕ್ಕೆ ಕಾರಣವಿದೇ.

ವೈದ್ಯರಾದರೂ ಈ ಭ್ರಮೆಯಿಂದ ಬೇಗನೆ ಹೊರಬಂದವರಲ್ಲ. ತಾನೂ ಉಬ್ಬಸದಿಂದ ನರಳುತ್ತಿದ್ದ ಇಂಗ್ಲೆಂಡಿನ ವೈದ್ಯ ಹೆನ್ರಿ ಹೈಡ್ ಸಾಲ್ಟರ್ ೧೮೬೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ನಾಯುಗಳ ಸೆಳೆತವೇ ಈ ರೋಗದ ಸ್ವರೂಪವೆಂದು ಪ್ರತಿಪಾದಿಸಿದನು. ಆ ಅಭಿಪ್ರಾಯವು ಸುಮಾರು ಒಂದು ಶತಮಾನ ಪ್ರಬಲವಾಗಿತ್ತು. ೧೯೫೬ರಲ್ಲಿ ಒತ್ತಿದರೆ ಅಳತೆಯಾಗಿ ಮದ್ದು ಚಿಮ್ಮುವ ಇನ್‌ಹೇಲರು ಬಂದಾಗ ಅದರಲ್ಲಿ ತುಂಬಿದ್ದುದು ಉಪಶಮನೌಷಧವೇ. ೧೯೬೦ರ ದಶಕದ ನಡುವೆ ಇಂಗ್ಲೆಂಡು ವೇಲ್ಸುಗಳಲ್ಲಿ ಐಸೊಪ್ರಿನಲಿನ್ ಎಂಬ ಇಂಥ ಮದ್ದಿನ ಬಳಕೆ ಹೆಚ್ಚಿದಂತೆ ಉಬ್ಬಸದ ಸಾವುಗಳೂ ಹೆಚ್ಚಿ, ೧೯೬೭ರಲ್ಲಿ ಎಚ್ಚರಿಕೆ ಹೊರಟ ಬಳಿಕ ಇಳಿದುವು. ೧೯೭೦ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನಲ್ಲಿ ಫೆನೊಟೆರಾಲ್ ಎಂಬ ಇನ್ನೊಂದು ಮದ್ದಿನ ಸಂಗಡ ಇಂಥದೇ ದುರಂತ ಕಾಣಿಸಿಕೊಂಡಿತು. ಸೇದುವ ಬೆಕ್ಲೊಮೆಥಸೋನ್ ೧೯೭೨ರಷ್ಟು ಹಿಂದೆಯೇ ಬಂದಿದ್ದರೂ ಅದನ್ನು ಉಗ್ರರೋಗಿಗಳಿಗೆಂದು ಮೀಸಲಿಟ್ಟಿದ್ದರು. ಹೊಸದಾಗಿ ರೋಗ ಗುರುತಿಸಲ್ಪಟ್ಟವರಿಗೂ ಮೊದಲಿನಿಂದಲೇ ಯಾಪನೌಷಧವನ್ನು ಕೊಡುವುದು ಮೇಲೆಂದು ಫಿನ್ಲೆಂಡಿನ ಹಾಹ್ಟೆಲಾ ಮತ್ತು ಸಂಗಡಿಗರು ತೋರಿಸಿದ್ದು ೧೯೯೧ರಲ್ಲಿ. ಹನ್ನೆರಡು ವರ್ಷ ಮೇಲ್ಪಟ್ಟ ಯಾವ ಆಸ್ತಮಾ ರೋಗಿಗೂ ಸಾಲ್ಬ್ಯುಟಮಾಲಿನಂಥ ಮದ್ದನ್ನು ಒಂದನ್ನೇ ಕೊಡಕೂಡದು, ಸ್ಟೀರಾಯ್ಡು ಜೊತೆಗಿರಲೇಬೇಕು ಎಂದು ‘ಜೀನಾ’ ಎಂಬ ಅಂತರರಾಷ್ಟ್ರೀಯ ಮಂಡಲಿಯು ವಿಧಿಸಿದ್ದು ೨೦೧೯ರಲ್ಲಿ. ಅದಕ್ಕೆ ಮೊದಲು ವ್ಯಾಸಂಗ ಮುಗಿಸಿದ ವೈದ್ಯರಲ್ಲಿ ಅನೇಕರು ತಾವು ಕಲಿತದ್ದಕ್ಕೆ ವಿರುದ್ಧವಾದುದನ್ನು ಕಲಿಯಬೇಕಾಗಿದೆ. ಇದು ಸುಲಭದ ಕೆಲಸವಲ್ಲ.

ಕಲಿಯದಿದ್ದರೆ ಏನಾಗುವುದೆಂಬುದಕ್ಕೆ ಬ್ರಿಟನ್ನಿನಲ್ಲಿ ೨೦೧೪ರಲ್ಲಿ ಹೊರಬಂದ ಆಸ್ತಮಾ ಮರಣಗಳ ರಾಷ್ಟ್ರೀಯ ಪರಿಶೀಲನೆ ಸಾಕ್ಷಿಯಾಗಿದೆ. ಅಲ್ಲಿ ೧೯೫ ಮರಣಗಳನ್ನು ಒಂದೊಂದಾಗಿ ವಿಚಾರಿಸಿದರು. ಶೇಕಡ ೪೫ ಮಂದಿ ನೆರವನ್ನು ಕೇಳದೆಯೋ, ಕೇಳಿದ ನೆರವು ಸಿಕ್ಕುವುದಕ್ಕೆ ಮೊದಲೋ ತೀರಿಕೊಂಡಿದ್ದರು. ಕೆರಳಿದಾಗ ಏನು ಮಾಡಬೇಕೆಂಬ ಬರಹದ ಸೂಚನೆಯನ್ನು ಪಡೆದಿದ್ದವರು ಶೇಕಡ ೨೩ ಮಾತ್ರ. ಉಪಶಮನೌಷಧದ ವಿವರ ದೊರೆತವರಲ್ಲಿ ಶೇಕಡ ೩೯ ಮಂದಿಗೆ ಕೊನೆಯ ವರ್ಷದಲ್ಲಿ ಅದರ ಹನ್ನೆರಡಕ್ಕೂ ಹೆಚ್ಚು ಇನ್‌ಹೇಲರುಗಳನ್ನು ಬರೆದುಕೊಟ್ಟಿತ್ತು. ಕೆಲವರಿಗೆ ಐವತ್ತಕ್ಕೂ ಮೇಲೆ. ಒಂದರಲ್ಲಿ ಸಾಮಾನ್ಯವಾಗಿ ಇನ್ನೂರು ಒತ್ತುಗಳಿರುತ್ತವೆ. ಹನ್ನೆರಡೆಂದರೆ ೨೪೦೦, ದಿನಕ್ಕೆ ಆರಕ್ಕೂ ಮೇಲೆ. ಮದ್ದಿನ ಚೀಟಿಯೇ ಇಲ್ಲಿ ಅಪಾಯದ ಗಂಟೆಯನ್ನು ಬಾರಿಸುತ್ತಿದ್ದರೂ ಕೇಳಿಸಿಕೊಂಡವರಿರಲಿಲ್ಲ. ಚಿಕಿತ್ಸೆ ಉತ್ತಮವಾಗಿದ್ದರೆ ಶೇಕಡ ೪೬ ಮರಣಗಳು ತಪ್ಪಬಹುದಾಗಿತ್ತೆಂದು ಪರಿಶೀಲಕರು ನಿರ್ಣಯಿಸಿದರು. ಇದು ಔಷಧಕ್ಕೆ ಕೊರತೆಯಿಲ್ಲದ ದೇಶದ ಮಾತು.

ಸರಿಯಾದ ಮದ್ದನ್ನು ಕೊಟ್ಟಮೇಲೂ ಅದು ಎದೆಗೆ ಇಳಿಯಬೇಕಷ್ಟೆ. ಒತ್ತುವ ಇನ್‌ಹೇಲರಿನಲ್ಲಿ ಮೊದಲು ಅಲ್ಲಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆಯಲಾರಂಭಿಸಿದಾಗಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರನ್ನು ಹಿಡಿಯಬೇಕು. ಪುಡಿಯ ಇನ್‌ಹೇಲರಿನಲ್ಲಿ ಇದಕ್ಕೆ ವಿರುದ್ಧವಾಗಿ ಜೋರಾಗಿ, ಬಲವಾಗಿ ಎಳೆಯಬೇಕು. ಒಬ್ಬನಿಗೇ ಎರಡನ್ನೂ ಕೊಟ್ಟು ಈ ಭೇದವನ್ನು ಹೇಳದಿರುವುದು ಅಪರೂಪವಲ್ಲ. ಪುಡಿಯ ಕ್ಯಾಪ್ಸೂಲನ್ನು ನೀರಿನೊಡನೆ ನುಂಗಿದವರೂ ಉಂಟು. ನುಂಗುವುದೇ ನಮ್ಮ ಜನಕ್ಕೆ ಗೊತ್ತಿರುವ ಕ್ರಮವಾದ್ದರಿಂದ ಇದರಲ್ಲಿ ನಗತಕ್ಕದ್ದೇನೂ ಇಲ್ಲ. ನಾಲ್ವತ್ತು ವರ್ಷಗಳ ೧೪೪ ಲೇಖನಗಳನ್ನು ಒಟ್ಟುಗೂಡಿಸಿ ೨೦೧೬ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಸರಿಯಾಗಿ ಸೇದುವವರು ಶೇಕಡ ೩೧ ಮಾತ್ರವೆಂದೂ, ಅಷ್ಟು ಕಾಲದಲ್ಲಿ ಸ್ಥಿತಿ ಸುಧಾರಿಸಿಲ್ಲವೆಂದೂ ಕಂಡುಬಂದಿತು. ಕಲಿಸಬೇಕಾದ ವೈದ್ಯರನ್ನೂ ದಾದಿಯರನ್ನೂ ಪರೀಕ್ಷಿಸಿದ ಕಡೆಗಳಲ್ಲಿ ಅವರಲ್ಲಿಯೂ ಬಹುಮಂದಿ ತಪ್ಪಿದ್ದಾರೆ. ಬಾಯಿಮಾತಿನ ವಿವರಣೆ ಸಾಲದು. ವೈದ್ಯನು ತಾನು ಮಾಡಿ ತೋರಿಸಿ, ರೋಗಿಯಿಂದ ಮಾಡಿಸಿ ನೋಡಿ, ಮುಂದಿನ ಭೇಟಿಯಲ್ಲಿ ಮತ್ತೆ ಮಾಡಿಸಬೇಕು. ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾರದ ಮಕ್ಕಳಿಗೆ ನಡುವೆ ಒಂದು ಕೊಳವಿಯನ್ನಿಡುವರು. ಅಂಗಡಿಯ ಕೊಳವಿಯನ್ನು ಕೊಳ್ಳಲಾಗದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ರಂಧ್ರ ಮಾಡಿ, ಸಂದಿಯಿಲ್ಲದಂತೆ ಇನ್‌ಹೇಲರನ್ನು ಕೂಡಿಸಿದರೂ ಕೆಲಸ ನಡೆಯುವುದೆಂದು ದಕ್ಷಿಣ ಆಫ್ರಿಕದಲ್ಲಿ ೧೯೯೯ರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ.

ನಮ್ಮ ದೇಶದ ಲೆಕ್ಕ ಇನ್ನೂ ಕಠಿಣವಾದುದು. ೨೦೧೯ರ ಜಾಗತಿಕ ಅಂದಾಜಿನಂತೆ ಲೋಕದ ಆಸ್ತಮಾ ರೋಗಿಗಳಲ್ಲಿ ಎಂಟರಲ್ಲೊಂದು ಪಾಲು ಭಾರತದಲ್ಲಿದ್ದರೆ, ಸಾವುಗಳಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ನಮ್ಮವು. ಬಡತನವೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ‘ಪಂಪು ಹಿಡಿದರೆ ಬಿಡಲಾಗುವುದಿಲ್ಲ’ ಎಂಬ ನಂಬಿಕೆ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಇದೆ. ಮಗಳಿಗೆ ಉಬ್ಬಸವೆಂದು ತಿಳಿದರೆ ಸಂಬಂಧ ಕೂಡದೆಂಬ ಭಯದಿಂದ ಬರೀ ಕಫವೆಂದು ಮುಚ್ಚಿಡುವ ಮನೆಗಳಿವೆ. ಆ ಮನೆಯವರ ಮನಸ್ಸನ್ನು ನೋಯಿಸದಿರಲು ವೈದ್ಯರೂ ರೋಗದ ಹೆಸರನ್ನು ಹೇಳದೆ ಮಾತ್ರೆಯನ್ನೋ ಟಾನಿಕನ್ನೋ ಬರೆದುಕೊಡುವರು. ನುಂಗುವ ಸ್ಟೀರಾಯ್ಡು ಮಾತ್ರೆಯಲ್ಲಿ ಮಿಲಿಗ್ರಾಮುಗಳ ಲೆಕ್ಕ, ಸೇದುವುದರಲ್ಲಿ ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೊಗ್ರಾಮುಗಳ ಲೆಕ್ಕ ಎಂಬುದನ್ನು ಯಾರಾದರೂ ಕುಳಿತು ಹೇಳಿದರೆ ಭಯವು ಬಹುಮಟ್ಟಿಗೆ ಕಡಿಮೆಯಾಗುವುದು. ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣಾಗಬಹುದೆಂಬ ನಿಜವಾದ ತೊಂದರೆಯನ್ನೂ ಆಗಲೇ ಹೇಳುವುದು ಯುಕ್ತ. ಪ್ರತಿವರ್ಷ ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಔಷಧಕ್ಕಾಗಿ ಸಾವಿರಾರು ಮಂದಿ ನೆರೆಯುವುದುಂಟು. ನಿರ್ಮೂಲದ ಆಸೆಯನ್ನು ಅಲ್ಲಿ ಕೊಡುತ್ತಾರೆ. ಯಾಪ್ಯವೆಂಬ ಮಾತನ್ನು ಇಲ್ಲಿ ಯಾರೂ ಅವರಿಗೆ ತಿಳಿಸಿರುವುದಿಲ್ಲ.

ಶಿಕ್ಷಣದಿಂದಲೇ ಒಂದು ದೇಶದ ಸ್ಥಿತಿ ಬದಲಾಗಬಲ್ಲುದೆಂಬುದಕ್ಕೆ ಫಿನ್ಲೆಂಡನ್ನು ಉದಾಹರಿಸಬಹುದು. ಅಲ್ಲಿ ೧೯೯೪ರಿಂದ ೨೦೦೪ರವರೆಗೆ ನಡೆದ ಆಸ್ತಮಾ ಕಾರ್ಯಕ್ರಮದಲ್ಲಿ ಹೊಸ ಔಷಧವೊಂದನ್ನೂ ಕಂಡುಹಿಡಿಯಲಿಲ್ಲ. ಆಗಲೇ ಇದ್ದ ತಿಳಿವಳಿಕೆಯನ್ನು ಊರೂರ ಆರೋಗ್ಯಕೇಂದ್ರಗಳಿಗೆ ಒಯ್ದರು. ಕೇಂದ್ರಗಳಲ್ಲಿ ಆಸ್ತಮಾ ಹೊಣೆಯನ್ನು ಒಬ್ಬ ವೈದ್ಯನಿಗೂ ದಾದಿಗೂ ಹೊರಿಸಿದರು. ಔಷಧದ ಅಂಗಡಿಯವರನ್ನೂ ಸೇರಿಸಿಕೊಂಡು, ಇನ್‌ಹೇಲರನ್ನು ಕೈಗೆ ಕೊಡುವಾತನೇ ಕಲಿಸುವಾತನೂ ಆಗುವಂತೆ ಮಾಡಿದರು. ಹತ್ತು ವರ್ಷಗಳಲ್ಲಿ ರೋಗಿಗಳ ಸಂಖ್ಯೆ ಏರಿತಾದರೂ ಅವರು ಆಸ್ಪತ್ರೆಯಲ್ಲಿ ಕಳೆಯುತ್ತಿದ್ದ ದಿನಗಳು ಅರ್ಧಕ್ಕೆ ಇಳಿದುವು. ಐವತ್ತು ಲಕ್ಷ ಜನರ ದೇಶಕ್ಕೆ ಸಾಧ್ಯವಾದುದು ನಮಗೆ ಅಷ್ಟೇ ಸುಲಭವೆಂದು ಹೇಳುವುದು ಅವಿವೇಕವಾದೀತು. ಆದರೆ ಔಷಧದ ಅಂಗಡಿಯಾತನನ್ನು ಗುರುವಾಗಿ ಮಾಡುವ ಉಪಾಯಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ.

ಅಲರ್ಜಿಯ ವಿಷಯದಲ್ಲಿ ವೈದ್ಯಶಿಕ್ಷಣವು ತಲೆಕೆಳಗಾದ ಪ್ರಸಂಗವೊಂದನ್ನು ಇಲ್ಲಿ ಹೇಳತಕ್ಕದ್ದಿದೆ. ಅಲರ್ಜಿಗೆ ನಾವು ‘ಮೈಗೆ ಒಗ್ಗದು’ ಎನ್ನುತ್ತೇವೆ. ಒಗ್ಗು ಎಂಬ ಧಾತುವಿಗೆ ಹಿಡಿಸು ಎಂಬ ಅರ್ಥವೂ, ರೂಢಿಯಾಗು ಎಂಬ ಅರ್ಥವೂ ಇವೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯು ೨೦೦೦ದಲ್ಲಿ, ಅಲರ್ಜಿಯ ಸಂಭವವುಳ್ಳ ಮಕ್ಕಳಿಗೆ ಮೂರು ವರ್ಷದವರೆಗೆ ನೆಲಗಡಲೆಯನ್ನು ಕೊಡಬಾರದೆಂದು ವಿಧಿಸಿ, ೨೦೦೮ರಲ್ಲಿ ಆ ವಿಧಿಯನ್ನು ಹಿಂತೆಗೆದುಕೊಂಡಿತು. ಎಳೆಯದರಲ್ಲೇ ನೆಲಗಡಲೆಯ ತಿಂಡಿ ತಿನ್ನುವ ಇಸ್ರೇಲಿನ ಮಕ್ಕಳಲ್ಲಿ ಈ ಅಲರ್ಜಿ ಬ್ರಿಟನ್ನಿನ ಯೆಹೂದಿ ಮಕ್ಕಳಲ್ಲಿರುವುದರ ಹತ್ತರಲ್ಲೊಂದು ಪಾಲಿನಷ್ಟೇ ಇದೆಯೆಂದು ಅದೇ ವರ್ಷ ತಿಳಿದುಬಂದಿತು. ಬಳಿಕ ಸಂಭವವುಳ್ಳ ೬೪೦ ಶಿಶುಗಳನ್ನು ಎರಡು ಪಂಗಡ ಮಾಡಿ ನಡೆಸಿದ ಪರೀಕ್ಷೆಯ ಫಲವು ೨೦೧೫ರಲ್ಲಿ ಪ್ರಕಟವಾಯಿತು: ನೆಲಗಡಲೆಯನ್ನು ದೂರವಿಟ್ಟವರಲ್ಲಿ ಐದನೆಯ ವರ್ಷಕ್ಕೆ ಶೇಕಡ ೧೭.೨ ಮಂದಿಗೆ ಅಲರ್ಜಿಯಿದ್ದರೆ, ತಿಂದವರಲ್ಲಿ ೩.೨. ಎಳವೆಯಲ್ಲಿ ರೂಢಿಯಾದುದೇ ಮೈಗೆ ಹಿಡಿಸುವುದಾಯಿತು. ಅಲರ್ಜಿ ಆಗಲೇ ತಲೆದೋರಿರುವ ಮಗುವಿಗೆ ಇದು ಅನ್ವಯಿಸದು; ಅದಕ್ಕೆ ಮನೆಯಲ್ಲಿ ತಿನ್ನಿಸಿ ನೋಡುವುದು ಪ್ರಾಣಾಪಾಯ.

ಕೊನೆಯದಾಗಿ ರೋಗಿಯ ಕೈಗೆ ಕೊಡಬೇಕಾದ ಬರಹದ ವಿಚಾರ. ಪರದೇಶದ ಪುಸ್ತಿಕೆಗಳನ್ನು ಕನ್ನಡಿಸಿದರೆ ಬರ್ಚ್ ಮರದ ಪರಾಗವೂ ನೆಲಗಂಬಳಿಯೂ ಬಂದು ಕೂಡುವುವು. ನಮಗೆ ಬೇಕಾದುದು ಕಾಂಗ್ರೆಸ್ ಹುಲ್ಲು, ಸೌದೆಯೊಲೆಯ ಹೊಗೆ, ಒಗ್ಗರಣೆಯ ಘಾಟು, ಊದುಬತ್ತಿ, ಹತ್ತಿಯ ಹಾಸಿಗೆಯ ಧೂಳಿನಲ್ಲಿರುವ ನುಸಿ. ಚೀಟಿಯಲ್ಲಿ ‘ಎಸ್‌ಒಎಸ್’ ಎಂದು ಬರೆಯುವ ರೂಢಿಯನ್ನೂ ಬಿಡಬೇಕು. ಅಗತ್ಯವಿದ್ದರೆ ಎಂಬರ್ಥದ ಆ ಲ್ಯಾಟಿನ್ ಸಂಕೇತವನ್ನು ರೋಗಿಯು ಎರಡು ಇನ್‌ಹೇಲರುಗಳಿಗೂ ಅನ್ವಯಿಸಿಕೊಳ್ಳುವನು. ಉಬ್ಬಸ ಬಂದಾಗ ಏನು ಸೇದಬೇಕು, ಎಷ್ಟು ಬಾರಿ ಸೇದಿದರೂ ಇಳಿಯದಿದ್ದರೆ ಯಾವ ಆಸ್ಪತ್ರೆಗೆ ಓಡಬೇಕು, ಮಾತನಾಡಲು ಉಸಿರು ಸಾಲದಾದರೆ ಕಾಯಬಾರದು ಎಂಬುವನ್ನು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿಯೇ ಬರೆದಿರಬೇಕು. ಈ ಎಲ್ಲಕ್ಕೂ ಮೇಲೆ, ಹಾಳೆಯ ತಲೆಯಲ್ಲಿ, ‘ಉಬ್ಬಸವಿಲ್ಲದ ದಿನ ಮಾಡತಕ್ಕದ್ದು’ ಎಂಬ ಶೀರ್ಷಿಕೆಯಿದ್ದು, ಅದರ ಕೆಳಗೆ ಯಾಪನೌಷಧದ ಹೆಸರೂ ಬಣ್ಣವೂ ಹೊತ್ತೂ ಇರಬೇಕು.