ಮುಧೋಳದ ರಕ್ತವೋ, ಹರೆಯದ ಹುರುಪೋ?

ಪ್ರಶ್ನೆ: ಆಶ್ರಯ ಕೇಂದ್ರದಿಂದ ಒಂದು ವರ್ಷದ ಮಿಶ್ರತಳಿ ನಾಯಿ ತಂದಿದ್ದೇವೆ. ಗಳಿಗೆ ಸುಮ್ಮನಿರುವುದಿಲ್ಲ. ಉದ್ದ ಕಾಲು, ಸಣ್ಣ ಸೊಂಟ ನೋಡಿದವರು ಮುಧೋಳ ತಳಿಯ ರಕ್ತ ಅನ್ನುತ್ತಾರೆ. ಕಾರಣ ಅದೇನಾ?

ಉತ್ತರ: ಇರಬಹುದು, ಆದರೆ ರೂಪ ನೋಡಿ ತಳಿ ಹೇಳುವವರನ್ನು ಪೂರ್ತಿ ನಂಬಬೇಡಿ. ನಮ್ಮ ಬೀದಿನಾಯಿಗಳಲ್ಲೂ ಸಪೂರದವು ಬೇಕಾದಷ್ಟಿವೆ. ತಳಿ ಅದೇ ಆಗಿದ್ದರೂ ಸ್ವಭಾವಕ್ಕೆಲ್ಲ ಅದೇ ಕಾರಣವಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಜಾಲಾಡಿತು. ಒಂದೊಂದು ನಾಯಿಯ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಕಂಡಿತು.

ನಿಮ್ಮದಕ್ಕೆ ಈಗ ಹರೆಯ. ಅರ್ಧ ಉತ್ತರ ಅಲ್ಲೇ ಇದೆ. ಹಾಗಂತ ಚೆಂಡೆಸೆದು ಓಡಿಸುವುದೊಂದೇ ಮದ್ದಲ್ಲ. ಎಷ್ಟೋ ನಾಯಿಗಳು ಅದರಿಂದ ಇನ್ನಷ್ಟು ಕೆರಳುತ್ತವೆ. ವಾಕಿಂಗ್‌ನಲ್ಲಿ ಬೆಲ್ಟು ಜಗ್ಗದೆ ಕಂಬ ಕಂಬವನ್ನೂ ಮೂಸಲು ಬಿಡಿ. ನಮಗೆ ಬೇಸರ, ಅದಕ್ಕೆ ಅದೇ ಪೇಪರ್ ಓದು. ಒಣ ಆಹಾರವನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಕೊಡಿ, ಹುಡುಕಿ ತಿನ್ನಲಿ. ಹಗಲು ಮಲಗಲು ಗಲಾಟೆಯಿಲ್ಲದ ಮೂಲೆಯೂ ಬೇಕು.

ಆದರೂ ಒಂದು ಎಚ್ಚರ: ಮುಧೋಳ ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟುವ ತಳಿ. ಅಳಿಲು, ಬೆಕ್ಕು ಕಂಡೊಡನೆ ನಿಮ್ಮ ನಾಯಿ ಹಾರುವುದಾದರೆ, ಬೇಲಿಯಿಲ್ಲದ ಬಯಲಿನಲ್ಲಿ ಬೆಲ್ಟು ಬಿಚ್ಚಬೇಡಿ.